ತೊಟ್ಟಿಲು ಹತ್ತುವ ಮುನ್ನ ಒಂದು ಸುತ್ತು ನೋಡಿ

ತೇರಿನ ದಿನಕ್ಕೆ ಇನ್ನೂ ಕೆಲವು ದಿನ ಇರುವಾಗಲೇ ಗದಗಿನ ಜಾತ್ರೆಯ ಬಯಲಿಗೆ ಲಾರಿಗಳು ಬಂದು ನಿಲ್ಲುತ್ತವೆ. ಕಬ್ಬಿಣದ ಕಂಬ, ಬಣ್ಣ ಬಳಿದ ತಗಡಿನ ಗೂಡು, ಹಗ್ಗ ಸುತ್ತಿದ ಮರದ ಕುದುರೆ ಒಂದೊಂದಾಗಿ ಇಳಿಯುತ್ತವೆ. ಅದನ್ನು ನೋಡಿದ ಹುಡುಗರು ಮನೆಗೆ ಓಡಿ ಬಂದು ಹೇಳುವುದು ಒಂದೇ ಮಾತು: “ತೊಟ್ಟಲಾ ಬಂದಾವು!” ದೊಡ್ಡವರಿಗೆ ಜಾತ್ರೆ ಪಂಚಾಂಗದಿಂದ ಗೊತ್ತಾಗುತ್ತದೆ, ಮಕ್ಕಳಿಗೆ ಲಾರಿಯಿಂದ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಯಾವ ಊರಿನ ಜಾತ್ರೆಗೆ ಹೋದರೂ ಅಲ್ಲಿ ಎರಡು ಜಾಗ ಇರುತ್ತವೆ. ಒಂದು ತೇರಿನ ಬೀದಿ, ಇನ್ನೊಂದು ತೊಟ್ಟಿಲಿನ ಬಯಲು. ತೇರಿಗೆ ಸಮಿತಿ ಇದೆ, ಹಗ್ಗ ಹಿಡಿಯುವ ಮನೆತನಗಳಿವೆ, ಗಾಲಿಗೆ ಸನ್ನೆ ಕೊಡುವ ಅನುಭವಸ್ಥರಿದ್ದಾರೆ. ತೇರು ಹೊರಡುವ ಮುನ್ನ ಅಚ್ಚು, ಗಾಲಿ, ಹಗ್ಗ ಎಲ್ಲವನ್ನೂ ನಾಲ್ಕು ಜನ ಮುಟ್ಟಿ ನೋಡುತ್ತಾರೆ. ತೊಟ್ಟಿಲಿನ ಬಯಲಿನಲ್ಲಿ ಹಾಗೆ ಮುಟ್ಟಿ ನೋಡುವ ಊರಿನವರು ಕಡಿಮೆ. ದುಡ್ಡು ಕೊಟ್ಟು, ಮಕ್ಕಳನ್ನು ಕೂರಿಸಿ, ಕೆಳಗೆ ನಿಂತು ಕೈ ಬೀಸುತ್ತೇವೆ. ಅರ್ಧ ಜಾತ್ರೆ ನಡೆಯುವುದೇ ಅಲ್ಲಿ. ಹಾಗಾಗಿ ಈ ಬರಹ ಆ ಬಯಲಿನದು: ಯಾವಾಗ ಹೋಗಬೇಕು, ಏನು ನೋಡಿ ಹತ್ತಬೇಕು, ಏನು ತಿನ್ನಬೇಕು, ಯಾವುದಕ್ಕೆ ದುಡ್ಡು ಹಾಕಬಾರದು.

ಹುಣ್ಣಿಮೆಯ ಲೆಕ್ಕ

ನಮ್ಮ ಭಾಗದ ದೊಡ್ಡ ಜಾತ್ರೆಗಳನ್ನು ಇಂಗ್ಲಿಷ್ ತಾರೀಖಿಗಿಂತ ಹುಣ್ಣಿಮೆಯ ಹೆಸರಿನಲ್ಲಿ ನೆನಪಿಟ್ಟುಕೊಳ್ಳುವುದು ಸುಲಭ. ಗದಗಿನ ತೋಂಟದಾರ್ಯ ಜಾತ್ರೆ ದವನದ ಹುಣ್ಣಿಮೆಗೆ. ಶಿರಹಟ್ಟಿಯ ಫಕೀರೇಶ್ವರ ಜಾತ್ರೆ ಅದರ ಮುಂದಿನ ಆಗಿ ಹುಣ್ಣಿಮೆಗೆ. ಮುಂಡರಗಿಯ ಅನ್ನದಾನೀಶ್ವರ ಮಠದ ಜಾತ್ರೆ ಮತ್ತು ಅದೇ ತಾಲ್ಲೂಕಿನ ಡಂಬಳದ ತೋಂಟದಾರ್ಯ ಜಾತ್ರೆ ಇವೆರಡಕ್ಕಿಂತ ಮೊದಲು, ಚಳಿ ಇಳಿಯುತ್ತಿರುವ ಫೆಬ್ರುವರಿ ಆಸುಪಾಸು ಬರುತ್ತವೆ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ತೇರೂ ಉಂಟು, ದೂದಪೀರಾಂ ದರ್ಗಾದ ಉರುಸೂ ಉಂಟು. ಎರಡರಲ್ಲೂ ಮಿಠಾಯಿ ಅಂಗಡಿ ಹಚ್ಚುವವರು, ಕೊಳ್ಳುವವರು ಎರಡೂ ಸಮುದಾಯದವರು. ಶಿರಹಟ್ಟಿಯ ಮಠದ ಧ್ಯೇಯವಾಕ್ಯವೇ ‘ದ್ವೇಷ ಬಿಡು, ಪ್ರೀತಿ ಮಾಡು’. ಆ ಮಾತು ಬಳೆ, ಬೆಂಡು-ಬತ್ತಾಸಿನ ಸಾಲಿನಲ್ಲಿ ದಿನನಿತ್ಯದ ವ್ಯವಹಾರವಾಗಿ ನಡೆಯುತ್ತದೆ. ಅದು ಹಾಗೆಯೇ ನಡೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಚಾಂದ್ರಮಾನ ವರ್ಷ ಸುಮಾರು 354 ದಿನದ್ದು. ಆದ್ದರಿಂದ ಜಾತ್ರೆ ವರ್ಷಕ್ಕೆ ಹತ್ತು-ಹನ್ನೊಂದು ದಿನ ಮುಂಚೆ ಬರುತ್ತ, ಅಧಿಕ ಮಾಸ ಬಿದ್ದಾಗ ಮತ್ತೆ ತಡವಾಗುತ್ತದೆ. ದವನದ ಹುಣ್ಣಿಮೆ 2023ರಲ್ಲಿ ಏಪ್ರಿಲ್ 6ಕ್ಕೆ ಬಂತು, 2024ರಲ್ಲಿ ಏಪ್ರಿಲ್ 23ಕ್ಕೆ, 2025ರಲ್ಲಿ ಏಪ್ರಿಲ್ 12ಕ್ಕೆ. ಹೋದ ವರ್ಷದ ತಾರೀಖು ನೆನಪಿಟ್ಟುಕೊಂಡು ರಜೆ ಹಾಕಿ ಬರುವ ಬೆಂಗಳೂರು, ಪುಣೆಯ ಮಂದಿ ಇಲ್ಲೇ ತಪ್ಪುತ್ತಾರೆ. ಗೋಡೆಯ ಕ್ಯಾಲೆಂಡರ್ ನೋಡಿ, ಊರಿನವರಿಗೆ ಒಂದು ಫೋನ್ ಮಾಡಿಯೇ ಹೊರಡಿ. ಹುಣ್ಣಿಮೆಗೇ ಜಾತ್ರೆ ಇಟ್ಟದ್ದರಲ್ಲಿ ಹಿರಿಯರ ಅನುಕೂಲವೂ ಇತ್ತು. ಚಕ್ಕಡಿ ಕಟ್ಟಿಕೊಂಡು ರಾತ್ರಿ ಹಾದಿ ಹಿಡಿದು ಊರಿಗೆ ಮರಳುವವರಿಗೆ ಬೆಳದಿಂಗಳೇ ದೀಪ.

ಮಕ್ಕಳನ್ನು ಆಡಿಸುವುದೇ ಮುಖ್ಯವಾದರೆ ತೇರಿನ ದಿನ ತೊಟ್ಟಿಲಿನ ಬಯಲಿಗೆ ಹೋಗಬೇಡಿ. ಆ ದಿನ ನೂಕುನುಗ್ಗಲು. ತೊಟ್ಟಿಲಿನವರು ಬೇಗ ಬೇಗ ಇಳಿಸಿ ಹತ್ತಿಸುತ್ತಾರೆ, ಕೀಲು ಹಾಕಿದೆಯೋ ಇಲ್ಲವೋ ನೋಡುವ ವ್ಯವಧಾನ ಅವರಿಗೂ ಇಲ್ಲ, ನಮಗೂ ಇಲ್ಲ. ಗದಗಿನಲ್ಲಿ ತೇರು ಮುಗಿದ ಮೇಲೂ ವಾರಗಟ್ಟಲೆ ಅಂಗಡಿ, ಆಟ ಇರುತ್ತವೆ. ಮೂರು-ನಾಲ್ಕು ದಿನ ಬಿಟ್ಟು, ಶನಿವಾರ-ಭಾನುವಾರ ತಪ್ಪಿಸಿ, ಸಂಜೆ ಐದರ ಮೇಲೆ ಹೋಗಿ. ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ತಗಡಿನ ಗೂಡು ಕಾದ ಹಂಚಾಗಿರುತ್ತದೆ. ಸಂಜೆ ಹೊತ್ತು ಕಂಬ, ಕೀಲು, ತಂತಿ ಕಣ್ಣಿಗೆ ಕಾಣುವಷ್ಟು ಬೆಳಕೂ ಇರುತ್ತದೆ, ದೀಪ ಹತ್ತುವ ಸೊಗಸೂ ಸಿಗುತ್ತದೆ.

ತೊಟ್ಟಿಲಿನ ಬುಡದಲ್ಲಿ ಐದು ನಿಮಿಷ

ದೊಡ್ಡ ತೊಟ್ಟಿಲನ್ನು ಈಗ ಎಲ್ಲರೂ ಜೈಂಟ್ ವ್ಹೀಲ್ ಎನ್ನುತ್ತಾರೆ. 1893ರಲ್ಲಿ ಅಮೆರಿಕದ ಶಿಕಾಗೊ ವಸ್ತುಪ್ರದರ್ಶನಕ್ಕೆ ಜಾರ್ಜ್ ಫೆರಿಸ್ ಎಂಬ ಎಂಜಿನಿಯರ್ 264 ಅಡಿ ಎತ್ತರದ, 36 ಗೂಡುಗಳ ಉಕ್ಕಿನ ಚಕ್ರ ನಿಲ್ಲಿಸಿದ. ಇಂಗ್ಲಿಷಿನಲ್ಲಿ ಜೈಂಟ್ ವ್ಹೀಲಿಗೆ ಇಂದಿಗೂ ಅವನದೇ ಹೆಸರು, ಫೆರಿಸ್ ವ್ಹೀಲ್. ಆದರೆ ಮನುಷ್ಯರನ್ನು ಕೂರಿಸಿ ತಿರುಗಿಸುವ ಮರದ ಚಕ್ರ ಅದಕ್ಕಿಂತ ಎಷ್ಟೋ ಹಳೆಯದು. ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ 1620ರಲ್ಲಿ ಇಂದಿನ ಬಲ್ಗೇರಿಯಾದ ಪ್ಲೊವ್ದಿವ್ ಊರಿನಲ್ಲಿ ಅಂಥದ್ದನ್ನು ಕಂಡು ಬರೆದಿಟ್ಟಿದ್ದಾನೆ. ನಮ್ಮ ಜಾತ್ರೆಯ ಮೂಲೆಯಲ್ಲಿ ಇನ್ನೂ ಉಳಿದಿರುವ ನಾಲ್ಕು ಗೂಡಿನ ಕೈತೊಟ್ಟಿಲು ಆ ಹಳೆಯ ಬಗೆಯದು. ಇಬ್ಬರು ಆಳು ಅಕ್ಕಪಕ್ಕ ನಿಂತು, ಕೆಳಗೆ ಬಂದ ಗೂಡನ್ನು ಕೈಯಿಂದ ತಳ್ಳಿ ಕಳಿಸುತ್ತಾರೆ. ಐದು ವರ್ಷದೊಳಗಿನ ಮಕ್ಕಳಿಗೆ ಇದೇ ಒಳ್ಳೆಯದು. ವೇಗ ಆಳಿನ ಕೈಯಲ್ಲಿದೆ. ಮಗು ಅತ್ತರೆ ತಕ್ಷಣ ನಿಲ್ಲಿಸಬಹುದು. ಕರೆಂಟ್ ಹೋದರೆ ಮೇಲೆ ಸಿಕ್ಕಿಕೊಳ್ಳುವ ಭಯವಿಲ್ಲ.

ದೊಡ್ಡ ತೊಟ್ಟಿಲಿಗೆ ಟಿಕೆಟ್ ತೆಗೆಯುವ ಮೊದಲು ಅದರ ಬುಡದಲ್ಲಿ ಐದು ನಿಮಿಷ ನಿಲ್ಲಿ. ಮೊದಲು ಕಾಲು ನೋಡಿ. ಇದು ನಮ್ಮ ನೆಲಕ್ಕೆ ವಿಶೇಷವಾಗಿ ಬೇಕಾದ ಎಚ್ಚರ. ಗದಗ ಜಿಲ್ಲೆಯ ಬಹುಪಾಲು ಎರಿ ಭೂಮಿ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ನೀರು ಬಿದ್ದರೆ ಉಬ್ಬಿ ಮೆತ್ತಗಾಗುತ್ತದೆ. ಗಟ್ಟಿ ನೆಲದಲ್ಲಿ ಚೆನ್ನಾಗಿ ನಿಂತ ಕಂಬ ಎರಿ ನೆಲದಲ್ಲಿ ಒಂದು ಮಳೆಗೆ ಒಂದು ಕಡೆ ಕುಸಿಯಬಹುದು. ಬಲ್ಲ ಮೇಸ್ತ್ರಿ ಕಂಬದ ಅಡಿಗೆ ದಪ್ಪ ಮರದ ದಿಮ್ಮಿಗಳನ್ನು ಅಗಲವಾಗಿ ಹಾಸಿ, ಅದರ ಮೇಲೆ ಜಾಕ್ ಇಟ್ಟು, ಮಟ್ಟಗೋಲು ಹಿಡಿದು ಸಮ ಮಾಡಿರುತ್ತಾನೆ. ಗೊತ್ತಿಲ್ಲದವನು ಒಡೆದ ಇಟ್ಟಿಗೆ, ಚಪ್ಪಟೆ ಕಲ್ಲು ತುರುಕಿರುತ್ತಾನೆ. ಚಕ್ರ ತಿರುಗುವಾಗ ಆ ಕಲ್ಲು ಅಲ್ಲಾಡುತ್ತಿದ್ದರೆ ಅಲ್ಲಿಂದ ಮುಂದೆ ನಡೆಯಿರಿ.

ಎರಡನೆಯದು, ಜನರನ್ನು ತುಂಬುವ ರೀತಿ. ಜಾತ್ರೆಯ ತೊಟ್ಟಿಲು ಒಂದು ತಕ್ಕಡಿ ಇದ್ದ ಹಾಗೆ. ಬಲ್ಲವನು ಒಂದು ಗೂಡು ತುಂಬಿಸಿ, ಅರ್ಧ ಸುತ್ತು ತಿರುಗಿಸಿ, ಎದುರಿನ ಗೂಡು ತುಂಬಿಸುತ್ತಾನೆ. ಆಮೇಲೆ ಇವೆರಡರ ನಡುವಿನವು. ಹೀಗೆ ಮಾಡಿದರೆ ಭಾರ ಎರಡೂ ಕಡೆ ಸಮ. ಮೋಟಾರಿನ ಮೇಲೆ, ಬ್ರೇಕಿನ ಮೇಲೆ ಒತ್ತಡ ಬೀಳುವುದಿಲ್ಲ. ಸಾಲಾಗಿ ಬಂದಂತೆ ಒಂದೇ ಕಡೆ ತುಂಬುತ್ತ ಹೋಗುವವನ ತೊಟ್ಟಿಲು ಒಂದು ಪಕ್ಕಕ್ಕೆ ಧಡಕ್ಕನೆ ಇಳಿದು ಇನ್ನೊಂದು ಪಕ್ಕಕ್ಕೆ ಏದುಸಿರು ಬಿಡುತ್ತ ಏರುತ್ತದೆ. ಒಂದು ಸುತ್ತು ನೋಡಿದರೆ ಸಾಕು, ಆಡಿಸುವವನಿಗೆ ಕೆಲಸ ಬರುತ್ತದೋ ಇಲ್ಲವೋ ತಿಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚು ನಾನು ನಂಬುವ ಪರೀಕ್ಷೆ ಇದು.

ಮೂರನೆಯದು ಕೀಲು. ಗೂಡಿನ ಬಾಗಿಲಿಗೆ ಅಗಳಿ ಇರುತ್ತದೆ, ಆ ಅಗಳಿ ತಾನಾಗಿ ಬಿಚ್ಚಿಕೊಳ್ಳದಂತೆ ಒಂದು ಸಣ್ಣ ಕೀಲು ಇರಬೇಕು. ಹಲವು ಕಡೆ ಆ ಕೀಲಿನ ಜಾಗದಲ್ಲಿ ತಂತಿ ತಿರುವಿರುತ್ತಾರೆ, ಕೆಲವು ಕಡೆ ಏನೂ ಇರುವುದಿಲ್ಲ. ಕೂತ ಮೇಲೆ ಒಮ್ಮೆ ಕೈಯಿಂದ ಎಳೆದು ನೋಡಿ. ಇಲ್ಲದಿದ್ದರೆ ನಾಚಿಕೊಳ್ಳಬೇಡಿ. “ತಮ್ಮಾ, ಕೀಲ ಹಾಕಿಲ್ಲ ನೋಡೋ, ಹಾಕಿ ತಿರಗಸು” ಎಂದು ಗಟ್ಟಿಯಾಗಿ ಹೇಳಿ. ನಿಮ್ಮ ಹಿಂದಿನ ಗೂಡಿನವರೂ ತಮ್ಮದನ್ನು ಎಳೆದು ನೋಡುತ್ತಾರೆ.

ಇನ್ನು ಕೂದಲು, ಸೆರಗು, ದುಪಟ್ಟಾ. 2023ರ ಜನವರಿಯಲ್ಲಿ ಶ್ರೀರಂಗಪಟ್ಟಣದ ರಥಸಪ್ತಮಿ ಜಾತ್ರೆಯಲ್ಲಿ ಬಾಲಕಿಯೊಬ್ಬಳ ಕೂದಲು ತಿರುಗುವ ಜೈಂಟ್ ವ್ಹೀಲಿನ ಕಂಬಿಗೆ ಸಿಕ್ಕಿ ತಲೆಯ ಚರ್ಮವೇ ಕಿತ್ತುಬಂತು. ನೆನೆದರೆ ಹೊಟ್ಟೆ ಕಿವುಚುತ್ತದೆ. ಜಾತ್ರೆಗೆಂದು ಹೆಣ್ಣುಮಕ್ಕಳಿಗೆ ಕೂದಲು ಇಳಿಬಿಟ್ಟು ಹೂ ಮುಡಿಸಿ ಕರೆದೊಯ್ಯುವುದು ನಮ್ಮ ಕಡೆ ಪದ್ಧತಿ. ಹೂ ಇರಲಿ, ಆದರೆ ಹತ್ತುವ ಮುನ್ನ ಜಡೆ ಹೆಣೆದು ಮೇಲಕ್ಕೆ ಗಂಟು ಕಟ್ಟಿ. ಚೀಲದಲ್ಲಿ ಎರಡು ರಬ್ಬರ್ ಬ್ಯಾಂಡ್ ಇಟ್ಟುಕೊಂಡರೆ ಆಯಿತು. ಸೆರಗನ್ನು ಸೊಂಟಕ್ಕೆ ಸಿಗಿಸಿ, ದುಪಟ್ಟಾ ಕೆಳಗೆ ನಿಂತವರ ಕೈಗೆ ಕೊಡಿ.

ಕೊಲಂಬಸ್ ಹಡಗು, ಬ್ರೇಕ್ ಡ್ಯಾನ್ಸ್, ಟೊರಾ ಟೊರಾ ಇವುಗಳಲ್ಲಿ ತಿರುಗುವ ವೇಗ ತೊಟ್ಟಿಲಿಗಿಂತ ಹೆಚ್ಚು. ತೊಡೆಯ ಮೇಲೆ ಬರುವ ಅಡ್ಡಪಟ್ಟಿ ದೊಡ್ಡವರಿಗೆ ಸರಿಯಾಗಿ ಒತ್ತಿ ಕೂರುತ್ತದೆ, ಪಕ್ಕದಲ್ಲಿ ಕೂತ ಆರು ವರ್ಷದ ಮಗುವಿಗೂ ಅದಕ್ಕೂ ನಡುವೆ ಗೇಣು ಅಂತರ ಉಳಿಯುತ್ತದೆ. ಮಗು ಜಾರುವುದು ಅಲ್ಲಿಂದಲೇ. “ನಾ ಹಿಡ್ಕೊಂಡಿರ್ತೀನಿ ಬಿಡ್ರಿ” ಎನ್ನುವ ಅಪ್ಪಂದಿರಿಗೆ ನನ್ನ ಕಳಕಳಿಯ ವಿನಂತಿ: ಆ ವೇಗದಲ್ಲಿ ಕೈ ಹಿಡಿತ ನಿಲ್ಲುವುದಿಲ್ಲ. ಗರ್ಭಿಣಿಯರು, ಹೃದಯದ ತೊಂದರೆ, ಬೆನ್ನು-ಕತ್ತಿನ ನೋವು ಇರುವವರು, ಆಗ ತಾನೇ ಊಟ ಮಾಡಿದವರು ಇವುಗಳ ತಂಟೆಗೆ ಹೋಗಬಾರದು. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿ ಹೀಗೆ ತೂಗುವ ಆಟದ ಕಂಬ ಮುರಿದು ಇಬ್ಬರು ತೀರಿಕೊಂಡರು. 2022ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಮೊಹಾಲಿಯ ಮೇಳವೊಂದರಲ್ಲಿ ಸುಮಾರು 50 ಅಡಿ ಎತ್ತರದಿಂದ ಇಡೀ ಆಟವೇ ಕೆಳಗೆ ಅಪ್ಪಳಿಸಿತು. ಇಂಥ ಆಟಗಳ ಸುರಕ್ಷತೆಗೆ ಭಾರತೀಯ ಮಾನಕ ಬ್ಯೂರೋ ಐಎಸ್ 15475 ಎಂಬ ನಿಯಮಾವಳಿಯನ್ನೇ ಮಾಡಿದೆ. ಜೋಡಿಸಿದ ಮೇಲೆ ಜನರನ್ನು ಕೂರಿಸುವ ಮೊದಲು ಬರಿದೇ ತಿರುಗಿಸಿ ನೋಡುವುದು, ದಿನಕ್ಕೊಮ್ಮೆ ಬೋಲ್ಟು-ಕೀಲು ತಪಾಸಣೆ ಮಾಡುವುದು ಯಾವ ಒಳ್ಳೆಯ ಮೇಸ್ತ್ರಿಗೂ ಗೊತ್ತಿರುವ ಕೆಲಸ.

ಗಾಳಿಯ ಮಾತು ಪ್ರತ್ಯೇಕವಾಗಿ ಹೇಳಬೇಕು. ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿ ವಿದ್ಯುತ್ತಿನ ಕಂಬಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಈ ಸೀಮೆಯ ಗಾಳಿ ಜೋರು. ದವನದ ಹುಣ್ಣಿಮೆಯಿಂದ ಆಗಿ ಹುಣ್ಣಿಮೆಯವರೆಗಿನ ಅವಧಿಯಲ್ಲಿ ಭರಣಿ, ಕೃತ್ತಿಕೆಯ ಅಡ್ಡಮಳೆಗಳು ಸಂಜೆ ಹೊತ್ತಿಗೇ ಬರುತ್ತವೆ. ಮೊದಲು ಧೂಳು ಏಳುತ್ತದೆ, ಆಮೇಲೆ ಗುಡುಗು, ಕೊನೆಗೆ ನಾಲ್ಕು ಹನಿ. ಧೂಳು ಎದ್ದಾಗಲೇ ತೊಟ್ಟಿಲು ನಿಲ್ಲಬೇಕು. ನಿಲ್ಲಿಸದಿದ್ದರೆ ನೀವು ಹತ್ತಬೇಡಿ. ಗುಡುಗು ಕೇಳಿದರೆ ಕಬ್ಬಿಣದ ಕಂಬ, ತಗಡಿನ ಶೆಡ್ಡು, ಒಂಟಿ ಮರದಿಂದ ದೂರ ಸರಿದು ಪಕ್ಕಾ ಕಟ್ಟಡ ಸೇರಿ. ಮಳೆ ನಿಂತ ಮೇಲೆ ಒದ್ದೆ ನೆಲದ ಮೇಲೆ ಹರಿದಾಡುವ ವೈರುಗಳನ್ನು ದಾಟಬೇಡಿ. ಸಿಪ್ಪೆ ಕಿತ್ತ ವೈರು, ಕಿಡಿ ಕಾರುವ ಕಂಬ ಕಂಡರೆ ಹೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಬಾವಿಯೊಳಗಿನ ಮೋಟರ್ ಸೈಕಲ್ ಆಟವನ್ನು ಒಮ್ಮೆಯಾದರೂ ನೋಡಬೇಕು. ಹಲಗೆ ಜೋಡಿಸಿ ಕಟ್ಟಿದ ದುಂಡು ಗೋಡೆ. ಸವಾರ ತಳದ ಇಳಿಜಾರಿನಲ್ಲಿ ಎರಡು ಸುತ್ತು ಹೊಡೆದು ವೇಗ ಹಿಡಿದು ನೆಟ್ಟಗಿನ ಗೋಡೆಗೆ ಏರುತ್ತಾನೆ. ಅವನನ್ನು ಬೀಳದಂತೆ ಹಿಡಿದಿರುವುದು ವೇಗದಿಂದ ಗೋಡೆಗೆ ಬೀಳುವ ಒತ್ತು ಮತ್ತು ಟೈರಿನ ಹಿಡಿತ, ಇವೆರಡೇ. ಮೇಲೆ ನಿಂತ ನೋಡುಗರ ಕಟ್ಟೆಯೂ ಅವನೊಂದಿಗೆ ನಡುಗುತ್ತದೆ. ಜನ ನೋಟು ಚಾಚುತ್ತಾರೆ, ಅವನು ಓಡುವ ಗಾಡಿಯಲ್ಲೇ ಅದನ್ನು ಕಸಿದುಕೊಳ್ಳುತ್ತಾನೆ. ದಯವಿಟ್ಟು ಹಾಗೆ ಚಾಚಬೇಡಿ. ಒಂದು ಕೈ ತಪ್ಪಿದರೆ ಅವನ ಜೀವ. ಆಟ ಮುಗಿದ ಮೇಲೆ ಕೆಳಗೆ ಹೋಗಿ ಅವನ ಕೈಗೇ ಕೊಡಿ, ಎರಡು ಮಾತಾಡಿಸಿ. ವರ್ಷದ ಬಹುಪಾಲು ಡೇರೆಯಲ್ಲೇ ಕಳೆಯುವ ಮಂದಿ ಅವರು.

ಬಳೆ, ಬಲೂನು, ಬಂದೂಕು

ಆಟದ ಅಂಗಡಿಗಳಲ್ಲಿ ಎರಡು ಜಾತಿ. ಒಂದರಲ್ಲಿ ಕೈಚಳಕಕ್ಕೆ ಬೆಲೆ ಇದೆ. ಬಲೂನಿಗೆ ಬಂದೂಕು, ಡಬ್ಬಿ ಗುಡ್ಡೆಗೆ ಚೆಂಡು, ಸಾಮಾನಿನ ಮೇಲೆ ರಿಂಗು ಎಸೆಯುವುದು. ಇವನ್ನು ಆಡಿ, ಆದರೆ ಬಹುಮಾನಕ್ಕಾಗಿ ಆಡಬೇಡಿ. ಜಾತ್ರೆ ಸುತ್ತಿದ ಬಂದೂಕಿನ ಗುರಿ ಸಾಮಾನ್ಯವಾಗಿ ಸ್ವಲ್ಪ ಅತ್ತಿತ್ತ ಇರುತ್ತದೆ. ಮೊದಲ ಎರಡು ಗುಂಡು ಒಂದೇ ಬಲೂನಿಗೆ ಹೊಡೆದು ಎಷ್ಟು ವಾಲುತ್ತದೆ ನೋಡಿ, ಮೂರನೆಯದರಿಂದ ಅಷ್ಟು ಬಿಟ್ಟು ಹಿಡಿಯಿರಿ. ರಿಂಗಿನ ಆಟದಲ್ಲಿ ದೊಡ್ಡ ಸಾಮಾನಿನ ಬುಡದ ಹಲಗೆ ರಿಂಗಿಗಿಂತ ಕೂದಲೆಳೆಯಷ್ಟೇ ಸಣ್ಣದು. ರಿಂಗು ಹಲಗೆಯ ಕೆಳಗಿನವರೆಗೆ ಪೂರ್ತಿ ಬೀಳಬೇಕು ಎಂಬುದು ಅವರ ಕರಾರು. ಸೋಪಿನ ಡಬ್ಬಿ, ಬಿಸ್ಕತ್ತಿನ ಪೊಟ್ಟಣ ಗುರಿ ಇಟ್ಟರೆ ಗೆಲ್ಲುವ ಸಾಧ್ಯತೆ ಇದೆ, ಗೋಡೆ ಗಡಿಯಾರಕ್ಕಲ್ಲ.

ಇನ್ನೊಂದು ಜಾತಿ ಕೇವಲ ಅದೃಷ್ಟದ್ದು: ದಾಳ, ಎಲೆ, ಚಕ್ರ. ಬಯಲಿನ ಕತ್ತಲೆ ಅಂಚಿನಲ್ಲಿ ಒಂದು ಗೋಣಿಚೀಲ ಹಾಸಿ ಕೂತಿರುತ್ತಾರೆ. ಸುತ್ತ ನಿಂತು ಗೆಲ್ಲುತ್ತಿರುವ ಇಬ್ಬರು-ಮೂವರು ಹೆಚ್ಚಾಗಿ ಅವರ ಕಡೆಯವರೇ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಪ್ರಕಾರ ಹಣ ಹಚ್ಚಿ ಆಡುವ ಇಂಥ ಆಟ ಅಪರಾಧ. ಸಂಬಳ ಬಂದ ವಾರ ಜಾತ್ರೆ ಬಿದ್ದರೆ ಎಷ್ಟೋ ಮನೆಗಳ ರೇಷನ್ ದುಡ್ಡು ಆ ಗೋಣಿಚೀಲದ ಮೇಲೆ ಹೋಗುತ್ತದೆ. 112ಕ್ಕೆ ಹೇಳುವುದರಲ್ಲಿ ಹಿಂಜರಿಕೆ ಬೇಡ.

ಬಳೆ, ಪಾತ್ರೆ, ಆಟಿಕೆಯ ಸಾಲಿಗೆ ಹೆಚ್ಚು ಉಪದೇಶ ಬೇಕಿಲ್ಲ. ಚೌಕಾಸಿ ಮಾಡಿ, ಆದರೆ ನೆಲದ ಮೇಲೆ ಚಾದರ ಹಾಸಿ ಕೂತ ಮುದುಕಿಯ ಹತ್ತಿರ ಬೇಡ. ನಗದು ಒಯ್ಯಿರಿ. ಜನ ಸೇರಿದಂತೆ ಮೊಬೈಲ್ ನೆಟ್‌ವರ್ಕ್ ಕುಸಿಯುತ್ತದೆ, ಫೋನ್‌ಪೇ ಸುತ್ತುತ್ತಲೇ ಇರುತ್ತದೆ.

ಮಿರ್ಚಿಯ ಎಣ್ಣೆ, ಗೋಬಿಯ ಬಣ್ಣ

ಗದಗಿಗೆ ಬಂದು ಬದನೆಕಾಯಿ ಭಜಿ ತಿನ್ನದೆ ಹೋದರೆ ಜಾತ್ರೆಗೆ ಬಂದ ಲೆಕ್ಕವಿಲ್ಲ. ಮಿರ್ಚಿ ಭಜಿ, ಗಿರಮಿಟ್, ಚುರಮರಿ, ಕಬ್ಬಿನ ಹಾಲು, ಜಿಲೇಬಿ, ಮನೆಗೆ ಒಯ್ಯಲು ಫಳಾರ, ಬೆಂಡು-ಬತ್ತಾಸು. ಮಿರ್ಚಿ ಅಂಗಡಿಯ ಮುಂದೆ ನಿಂತು ನೋಡುವುದೇ ಒಂದು ಹಬ್ಬ. ಉದ್ದ ಮೆಣಸಿನಕಾಯಿಯನ್ನು ಬೆನ್ನುದ್ದ ಸೀಳಿ, ಜೀರಿಗೆ-ಅಜವಾನ-ಉಪ್ಪು ಹಚ್ಚಿ, ಕಡಲೆಹಿಟ್ಟಿನಲ್ಲಿ ಅದ್ದಿ, ತಟ್ಟೆಯ ಅಂಚಿಗೆ ಒಮ್ಮೆ ಒರೆಸಿ ಎಣ್ಣೆಗೆ ಬಿಡುತ್ತಾರೆ. ಒರೆಸಿದ ಕಡೆ ಹಿಟ್ಟು ತೆಳ್ಳಗಾಗಿ ಮೆಣಸಿನಕಾಯಿಯ ಹಸಿರು ಕಾಣುತ್ತದೆ.

ಅಲ್ಲಿ ನಿಂತಾಗ ಬಾಣಲೆಯತ್ತ ನೋಡಿ. ಎಣ್ಣೆ ಕಪ್ಪಾಗಿ ಅಂಟಂಟಾಗಿದೆಯೇ? ಏನೂ ಹಾಕದಿದ್ದರೂ ಮೇಲೆ ಸಣ್ಣ ನೊರೆ ಕಟ್ಟಿ ಇಳಿಯುತ್ತಿಲ್ಲವೇ? ಕಣ್ಣು ಉರಿಯುವ ಹೊಗೆ ಬರುತ್ತಿದೆಯೇ? ಅದು ದಣಿದ ಎಣ್ಣೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಸಂಯುಕ್ತಗಳು ಕೂಡುತ್ತ ಹೋಗುತ್ತವೆ. ಅವು ನೂರಕ್ಕೆ 25ನ್ನು ಮೀರಿದ ಎಣ್ಣೆ ಬಳಸಕೂಡದೆಂದು 2018ರಿಂದ ದೇಶದ ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ಜಾತ್ರೆಯಲ್ಲಿ ಅದನ್ನು ಅಳೆಯುವ ಯಂತ್ರ ನಮ್ಮ ಬಳಿ ಇರುವುದಿಲ್ಲ, ಕಣ್ಣು-ಮೂಗು ಇರುತ್ತವೆ. ಸಂಜೆಯ ಮೊದಲ ಎರಡು ಗಂಟೆಯಲ್ಲಿ ತಿಂದರೆ ಹೊಸ ಎಣ್ಣೆ ಸಿಗುವ ಸಾಧ್ಯತೆ ಹೆಚ್ಚು. ಭಜಿಯನ್ನು ದಿನಪತ್ರಿಕೆಯ ಹಾಳೆಯಲ್ಲಿ ಕಟ್ಟಿಸಿಕೊಳ್ಳಬೇಡಿ. ಬಿಸಿ ಎಣ್ಣೆ ಮುದ್ರಣದ ಮಸಿಯನ್ನು ಹೀರುತ್ತದೆ. ಮನೆಯಿಂದ ಒಂದು ಸ್ಟೀಲ್ ಡಬ್ಬಿ ಒಯ್ಯಿರಿ. ಕೊಟ್ಟರೆ ಅಂಗಡಿಯವರು ಖುಷಿಯಿಂದಲೇ ಹಾಕಿಕೊಡುತ್ತಾರೆ.

ಬಣ್ಣದ ವಿಷಯ ಇನ್ನೂ ಗಂಭೀರ. 2024ರ ಮಾರ್ಚ್ 11ರಂದು ರಾಜ್ಯ ಸರಕಾರ ಬೊಂಬೈ ಮಿಠಾಯಿಗೆ ಹಾಕುವ ರೋಡಮೈನ್-ಬಿ ಮತ್ತು ಗೋಬಿ ಮಂಚೂರಿಗೆ ಬಳಸುವ ಕೃತಕ ಬಣ್ಣಗಳನ್ನು ನಿಷೇಧಿಸಿತು. ಅದಕ್ಕೂ ಮೊದಲು ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ, 25 ಬೊಂಬೈ ಮಿಠಾಯಿ ಮಾದರಿಗಳಲ್ಲಿ 15ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ರೋಡಮೈನ್-ಬಿ ಎಂದರೆ ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ. ಬೆಟಗೇರಿಯ ನೇಕಾರರ ಮನೆಯಲ್ಲಿ ನೂಲಿಗೆ ಬಣ್ಣ ಹಾಕುವುದನ್ನು ನೋಡಿದವರಿಗೆ ಅದನ್ನು ಮಗುವಿನ ಬಾಯಿಗೆ ಹಾಕುವ ಮಾತು ಎಷ್ಟು ಘೋರ ಎಂದು ತಿಳಿಯುತ್ತದೆ. ನಿಷೇಧ ಉಲ್ಲಂಘಿಸಿದರೆ 7 ವರ್ಷದಿಂದ ಜೀವಾವಧಿಯವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಬೊಂಬೈ ಮಿಠಾಯಿ ಬೇಕೆಂದು ಮಗು ಹಟ ಹಿಡಿದರೆ ಬಿಳಿಯದನ್ನೇ ಕೇಳಿ. ಗೋಬಿ ತಿಂದ ಮೇಲೆ ಬೆರಳು ತೊಳೆದರೂ ಕೆಂಪು ಹೋಗದಿದ್ದರೆ ಆ ಅಂಗಡಿಗೆ ಮತ್ತೆ ಹೋಗಬೇಡಿ.

ಹೊಟ್ಟೆ ತುಂಬ ಉಣ್ಣುವ ಜಾತ್ರೆ ಬೇಕೆಂದರೆ ಡಂಬಳಕ್ಕೆ ಹೋಗಿ. ಅಲ್ಲಿನದು ರೊಟ್ಟಿ ಜಾತ್ರೆ ಎಂದೇ ಹೆಸರಾದದ್ದು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ದಿನಗಟ್ಟಲೆ ಮೊದಲೇ ಖಡಕ್ ಜೋಳದ ರೊಟ್ಟಿ ತಟ್ಟಿ ಮಠಕ್ಕೆ ತಲುಪಿಸುತ್ತಾರೆ. ಪಲ್ಯ, ಖಾರದ ಕರಿಂಡಿಯ ಜೊತೆ ಸಾವಿರಾರು ಜನ ಸಾಲಾಗಿ ಕೂತು ಉಣ್ಣುತ್ತಾರೆ. ಜಾತಿ-ಮತ ಕೇಳುವ ಪದ್ಧತಿ ಆ ಪಂಕ್ತಿಯಲ್ಲಿಲ್ಲ. ಗದಗಿನಿಂದ ಮುಂಡರಗಿಗೆ ಹೋಗುವ ಹಾದಿಯಲ್ಲೇ ಈ ಊರು. ಉಂಡ ಮೇಲೆ ಅಲ್ಲಿಯ ದೊಡ್ಡಬಸಪ್ಪ ದೇವಸ್ಥಾನವನ್ನು ನೋಡದೆ ಬರಬೇಡಿ. ನಕ್ಷತ್ರದಂತೆ ಮಡಿಕೆ ಮಡಿಕೆಯಾಗಿ ಕಡೆದ ಗೋಡೆ ಕರ್ನಾಟಕದಲ್ಲೇ ಅಪರೂಪದ್ದು.

ಒಂದು ಟಿಕೆಟ್ ನಾಟಕಕ್ಕೆ

ಜಾತ್ರೆಯ ಬಯಲಿನಲ್ಲಿ ತಗಡು ಹಚ್ಚಿದ ದೊಡ್ಡ ಮಂಟಪ ಕಂಡರೆ ಅದು ನಾಟಕ ಕಂಪನಿ. ಈಗ ಜನ ಅದರ ಮುಂದೆ ಹಾದು ತೊಟ್ಟಿಲಿಗೆ ಹೋಗುತ್ತಾರೆ. ಆದರೆ ಈ ನಾಲ್ಕು ಊರಿನವರು ಹಾಗೆ ಹಾದುಹೋಗುವುದು ಸರಿಯಲ್ಲ, ಏಕೆಂದರೆ ಕನ್ನಡದ ವೃತ್ತಿ ರಂಗಭೂಮಿಯ ತೊಟ್ಟಿಲೇ ಈ ಸೀಮೆ. 1870ರ ದಶಕದಲ್ಲಿ ಗದಗಿನಲ್ಲಿ ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಮರಾಠಿ ನಾಟಕಗಳ ಅಬ್ಬರದ ನಡುವೆ ಕನ್ನಡ ನಾಟಕ ಮಂಡಳಿ ಕಟ್ಟಿದರು. ಶಿರಹಟ್ಟಿಯ ವೆಂಕೋಬರಾಯರು ಅದೇ ಊರಿನ ಹೆಸರು ಹೊತ್ತ ಕಂಪನಿಯನ್ನು ಊರೂರಿಗೆ ಒಯ್ದರು. ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಣ್ಣುಮಕ್ಕಳದೇ ಕಂಪನಿ ನಡೆಸಿದರು, ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಕಾಲದ ನೆನಪು ಮಾಸುವ ಮುನ್ನವೇ. ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ನೆಲೆ ಗದಗ. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ನಡೆಸಿದ ನಾಟಕ ಕಂಪನಿ ಅಂಧ ಮಕ್ಕಳ ಅನ್ನ-ಸಂಗೀತಕ್ಕೆ ಆಸರೆಯಾಗಿ ನಿಂತಿತ್ತು. ಜಾತ್ರೆಯ ಟಿಕೆಟ್ ದುಡ್ಡಿನಿಂದ ಒಂದು ಸಂಗೀತ ಪರಂಪರೆಯೇ ಉಂಡು ಬೆಳೆದದ್ದು ನಮ್ಮ ಊರಿನಲ್ಲಿ.

ಇಂದಿನ ಕಂಪನಿ ನಾಟಕಗಳಲ್ಲಿ ಹಾಸ್ಯ ಕೆಲವೊಮ್ಮೆ ದ್ವಂದ್ವಾರ್ಥಕ್ಕೆ ಜಾರುತ್ತದೆ. ಮಕ್ಕಳೊಂದಿಗೆ ಹೋಗುವವರು ಹಿಂದಿನ ದಿನ ನೋಡಿದವರನ್ನು ಕೇಳಿ ಹೋಗಬಹುದು. ಮೊದಲ ಆಟಕ್ಕೆ ಹೋಗಿ, ಮುಂದಿನ ಸಾಲಿನಲ್ಲಿ ಕೂಡಿ. ಎದುರಿಗೇ ನಿಂತು ಹಾಡುವವರ ಕೊರಳಿನ ನರ ಉಬ್ಬುವುದು ಕಾಣುವಷ್ಟು ಹತ್ತಿರ. ಒಳಗೆ ಹೋಗುವಾಗ ಹೊರಬರುವ ಎರಡನೇ ದಾರಿ ಎಲ್ಲಿದೆ ನೋಡಿಟ್ಟುಕೊಳ್ಳಿ. ಬಟ್ಟೆ-ತಗಡಿನ ಮಂಟಪದಲ್ಲಿ ಅದು ಮುಖ್ಯ.

ಹೋಗಿ ಬರುವುದು

ಗದಗಿನಿಂದ ಲಕ್ಷ್ಮೇಶ್ವರಕ್ಕೂ ಮುಂಡರಗಿಗೂ ಸುಮಾರು 40 ಕಿಲೋಮೀಟರ್, ಶಿರಹಟ್ಟಿ ಅದಕ್ಕಿಂತ ಹತ್ತಿರ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರಕಾರಿ ಬಸ್ ಉಚಿತವಾದ ಮೇಲೆ ಜಾತ್ರೆಗೆ ಹೊರಡುವ ಅವ್ವ-ಅಜ್ಜಿಯರ ಸಂಖ್ಯೆ ಕಣ್ಣಿಗೆ ಕಾಣುವಂತೆ ಹೆಚ್ಚಿದೆ. ಬಸ್ ತುಂಬಿರುತ್ತದೆ, ಆಧಾರ್ ಕಾರ್ಡ್ ಮರೆಯಬೇಡಿ. ರಾತ್ರಿ ಮರಳುವ ಕೊನೆಯ ಬಸ್ಸಿನ ಹೊತ್ತನ್ನು ಇಳಿದ ಕೂಡಲೇ ನಿಲ್ದಾಣದಲ್ಲಿ ಕೇಳಿಟ್ಟುಕೊಳ್ಳಿ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮನೆಮಂದಿಯನ್ನೆಲ್ಲ ತುಂಬಿ ಕತ್ತಲಲ್ಲಿ ಮರಳುವುದು ನಮ್ಮ ಕಡೆ ರೂಢಿ. ಅದನ್ನು ಬಿಡಲೇಬೇಕು, ಹಿಂದಿನಿಂದ ಬರುವ ಲಾರಿಗೆ ಟ್ರೇಲರ್ ಕಾಣುವುದೇ ಇಲ್ಲ.

ಮಕ್ಕಳು ತಪ್ಪಿಸಿಕೊಳ್ಳುವುದು ತೊಟ್ಟಿಲಿನ ಬಯಲಿನಲ್ಲೇ ಹೆಚ್ಚು. ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದು ಅಂಗಿಯ ಕಿಸೆಗೆ ಹಾಕಿ, ಹೊರಡುವ ಮೊದಲು ಮಗುವಿನ ಫೋಟೋ ಒಂದು ತೆಗೆದಿಟ್ಟುಕೊಳ್ಳಿ. ತೊಟ್ಟ ಬಟ್ಟೆಯ ಬಣ್ಣ ಗಾಬರಿಯಲ್ಲಿ ನೆನಪಿಗೆ ಬರುವುದಿಲ್ಲ. “ತಪ್ಪಿಸ್ಕೊಂಡ್ರ ಓಡಾಡಬ್ಯಾಡ, ಹತ್ತಿರದ ಬಳಿ ಅಂಗಡಿ ಅಕ್ಕನ ಹಂತ್ಯಾಕ ಹೋಗಿ ನಿಲ್ಲು” ಎಂದು ಮೊದಲೇ ಹೇಳಿಡಿ. ಮಕ್ಕಳ ಸಹಾಯವಾಣಿ 1098, ಆಂಬುಲೆನ್ಸ್ 108.

ಕೊನೆಗೆ ಜಾತ್ರಾ ಸಮಿತಿಯವರಿಗೆ, ನಗರಸಭೆ-ಪುರಸಭೆಯವರಿಗೆ ಒಂದು ಬೇಡಿಕೆ. ಆಟದ ಜಾಗವನ್ನು ಹರಾಜಿಗೆ ಹಾಕುವಾಗ ಬಾಡಿಗೆಯ ಮೊತ್ತದ ಜೊತೆ ಇನ್ನೊಂದು ಷರತ್ತು ಸೇರಿಸಿ. ಪ್ರತಿ ಆಟದ ಟಿಕೆಟ್ ಕಿಟಕಿಯ ಪಕ್ಕದಲ್ಲಿ ಒಂದು ಹಾಳೆ ಅಂಟಿಸಿರಬೇಕು: ಪರವಾನಗಿ ಯಾವಾಗ ಸಿಕ್ಕಿತು, ಕಂಬ-ಕೀಲು-ವೈರು ಯಾರು, ಯಾವ ದಿನ ಪರಿಶೀಲಿಸಿದರು, ಎಷ್ಟು ಎತ್ತರದ ಮಕ್ಕಳು ಹತ್ತಬಹುದು, ಗಾಳಿ ಬಂದರೆ ಯಾರಿಗೆ ಹೇಳಬೇಕು. ಇಷ್ಟನ್ನೂ ಓದಲು ಬರುವ ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಿ. ಬರುವ ದವನದ ಹುಣ್ಣಿಮೆಗೆ ಗದಗಿನ ಬಯಲಿನಲ್ಲಿ ಆ ಹಾಳೆ ಕಾಣದಿದ್ದರೆ, ಓದುಗರೇ, ಟಿಕೆಟ್ ತೆಗೆಯುವ ಮೊದಲು ಅದನ್ನು ಕೇಳಿ.